ಕೃತಕ ಕಾಲಿನ ಬಣ್ಣ ಯಾರಿಗೆ ಕಾಣಬೇಕು?

ಸಂಪಾದಕರಿಗೆ,

ಮಾನ್ಯರೇ,

ಕೃತಕ ಕೈಕಾಲು ಜೋಡಣಾ ಶಿಬಿರ ನಡೆದ ಮರುದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ಚಿತ್ರ ಅಚ್ಚಾಗುತ್ತದೆ. ಉದ್ದನೆಯ ಮೇಜಿನ ಮೇಲೆ ಕಾಲುಗಳನ್ನು ಸಾಲಾಗಿ ಮಲಗಿಸಿರುತ್ತಾರೆ, ಅದರ ಹಿಂದೆ ಹಾರ ಹಾಕಿಕೊಂಡ ಗಣ್ಯರು ನಿಂತಿರುತ್ತಾರೆ, ಕೆಳಗಿನ ಸಾಲಿನಲ್ಲಿ ಫಲಾನುಭವಿಗಳ ಸಂಖ್ಯೆ ಇರುತ್ತದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳಾದ್ದರಿಂದ ನನ್ನ ಕಣ್ಣು ಅಲ್ಲಿ ಮೊದಲು ಹುಡುಕುವುದು ಬಣ್ಣವನ್ನು. ಮೇಜಿನ ಮೇಲಿನ ಕಾಲುಗಳೆಲ್ಲ ಒಂದೇ ಬಣ್ಣ. ಎದುರಿನ ಕುರ್ಚಿಗಳಲ್ಲಿ ಕುಳಿತ ಜನರಲ್ಲಿ ಒಬ್ಬರ ಬಣ್ಣ ಇನ್ನೊಬ್ಬರಿಗಿಲ್ಲ. ಎಂಟು ವರ್ಷಗಳ ಹಿಂದೆ ಅಂಥದೊಂದು ಸಾಲಿನಿಂದಲೇ ನನ್ನ ಎಡಗಾಲೂ ಬಂದಿತು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ರಸ್ತೆ ಅಪಘಾತದಲ್ಲಿ ನನ್ನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಶಿಬಿರದಲ್ಲಿ ಅಳತೆ ತೆಗೆದ ತಂತ್ರಜ್ಞರು ಒಳ್ಳೆಯವರು, ಕೆಲಸದಲ್ಲಿ ಚುರುಕು. ಪ್ಲಾಸ್ಟರ್ ಅಚ್ಚು ತೆಗೆಯುವಾಗ ಎಲ್ಲಿ ಒತ್ತುತ್ತದೆ, ಎಲ್ಲಿ ಉರಿಯುತ್ತದೆ, ದಿನಕ್ಕೆ ಎಷ್ಟು ನಡೆಯುತ್ತೀರಿ, ಮನೆಗೆ ಎಷ್ಟು ಮೆಟ್ಟಿಲು ಎಂದೆಲ್ಲ ಕೇಳಿ ಬರೆದುಕೊಂಡರು. ನೋಡಲು ಕಾಲು ಹೇಗಿರಬೇಕು ಎಂಬ ಪ್ರಶ್ನೆ ಆ ಹಾಳೆಯಲ್ಲಿರಲಿಲ್ಲ. ಸಿದ್ಧವಾದ ಕಾಲನ್ನು ಕೈಗಿತ್ತಾಗ ನಾನು ಅದರ ಪಕ್ಕದಲ್ಲಿ ನನ್ನ ಬಲಗಾಲನ್ನು ಚಾಚಿ ನೋಡಿದೆ. ನನ್ನದು ಎಣ್ಣೆಗಪ್ಪು. ಅದು ಗೋಧಿ ಬಣ್ಣವೂ ಅಲ್ಲದ, ಮಣ್ಣಿನ ಬಣ್ಣವೂ ಅಲ್ಲದ, ಮಕ್ಕಳ ಕ್ರೆಯಾನ್ ಡಬ್ಬಿಯಲ್ಲಿ ‘ಚರ್ಮದ ಬಣ್ಣ’ವೆಂದು ನಾವು ಕರೆಯುತ್ತಿದ್ದ ಒಂದು ಬಣ್ಣ. (ತರಗತಿಯಲ್ಲಿ ನಾನೂ ಹಾಗೆಯೇ ಕರೆಯುತ್ತಿದ್ದೆ. ಐವತ್ತು ಮಕ್ಕಳ ಐವತ್ತು ಬಗೆಯ ಚರ್ಮ ಎದುರಿಗಿದ್ದರೂ ಆ ಹೆಸರಿನಲ್ಲಿ ಏನೋ ತಪ್ಪಿದೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.) ಸ್ವಲ್ಪ ಕಪ್ಪು ಛಾಯೆಯದು ಸಿಗುವುದೇ ಎಂದು ಕೇಳಿದ್ದಕ್ಕೆ ಆ ಹುಡುಗ ನಗುತ್ತ, “ಸೀರಿ ಒಳಗ ಯಾರಿಗೆ ಕಾಣತೈತಿ ಬಿಡ್ರಿ ಅಕ್ಕೋರ” ಎಂದ. ಸಮಾಧಾನಕ್ಕೆಂದು ಆಡಿದ ಮಾತದು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬೆಳಿಗ್ಗೆ ಎದ್ದು ಅದನ್ನು ತೊಡುವವಳು, ರಾತ್ರಿ ಬಿಚ್ಚಿ ಗೋಡೆಗೆ ಒರಗಿಸುವವಳು ನಾನು. ಅದು ಕಾಣುವುದು ನನಗೆ.

ಮೊದಲ ವರ್ಷದ ಗೌರಿ ಹಬ್ಬದಲ್ಲಿ ಪಕ್ಕದ ಮನೆಯಾಕೆ ಅರಿಶಿನ ಹಚ್ಚಲು ಕುಳಿತರು. ಬಲಪಾದಕ್ಕೆ ಹಚ್ಚಿದ ಮೇಲೆ ಅವರ ಕೈ ಗಾಳಿಯಲ್ಲೇ ನಿಂತಿತು. ಎಡಪಾದಕ್ಕೆ ಹಚ್ಚಿದರೆ ನನಗೆ ನೋವಾಗುವುದೋ, ಹಚ್ಚದೆ ಬಿಟ್ಟರೆ ನೋವಾಗುವುದೋ ಅವರಿಗೆ ತಿಳಿಯಲಿಲ್ಲ. “ಹಚ್ಚರೀ” ಎಂದೆ. ಹಚ್ಚಿದರು. ಆ ಹಳದಿ ರಬ್ಬರಿನೊಳಗೆ ಇಳಿದು ದೀಪಾವಳಿ ಕಳೆದರೂ ಹೋಗಲಿಲ್ಲ. ತಂತ್ರಜ್ಞರ ಲೆಕ್ಕದಲ್ಲಿ ಅದು ಕಲೆ. ನಾನಂತೂ ಅದನ್ನು ಉಜ್ಜಿ ತೆಗೆಯಲು ಹೋಗಲಿಲ್ಲ, ಏಕೆಂದರೆ ಆ ಪಾದ ನನ್ನದೆಂದು ಮೊದಲ ಬಾರಿಗೆ ಅನ್ನಿಸಿದ್ದು ಆ ಕಲೆಯಾದ ಮೇಲೆ. ಕಾಲುಂಗುರದ್ದು ಇನ್ನೊಂದು ಕಥೆ. ಆ ಪಾದದ ಬೆರಳುಗಳು ಅಚ್ಚಿನಲ್ಲಿ ಮೂಡಿದ ಗೆರೆಗಳಷ್ಟೇ, ನಡುವೆ ಸಂದಿಲ್ಲ. ಎರಡನೆಯ ಬೆರಳಿನ ಅಕ್ಕಪಕ್ಕ ಸೀಳಿಕೊಡಿ ಎಂದರೆ, ಸೀಳಿದ ಜಾಗದಿಂದಲೇ ರಬ್ಬರ್ ಹರಿಯುತ್ತದೆ ಎಂದರು, ಅದು ನಿಜವೇ. ಕಡೆಗೆ ನಮ್ಮೂರ ಅಕ್ಕಸಾಲಿಗರು ಬೆಳ್ಳಿಯ ಅರ್ಧ ಉಂಗುರವೊಂದನ್ನು ಕಮಾನಿನಂತೆ ಬಗ್ಗಿಸಿ ಕೊಟ್ಟರು, ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ ಹಚ್ಚಿ ಅದನ್ನು ಬೆರಳಿನ ಮೇಲೆ ಕೂರಿಸಿದೆವು. ಎರಡು ತಿಂಗಳಿಗೊಮ್ಮೆ ಕಳಚುತ್ತದೆ, ಮತ್ತೆ ಅಂಟಿಸುತ್ತೇನೆ.

ಇದನ್ನೆಲ್ಲ ಹೆಂಗಸರ ಅಲಂಕಾರದ ಹಂಬಲವೆಂದು ಓದುಗರು ತಳ್ಳಿಹಾಕಬಾರದೆಂದು ವಿನಂತಿಸುತ್ತೇನೆ. ನಮ್ಮ ದೇಶದ ಅತ್ಯಂತ ಹೆಸರಾದ ಕೃತಕ ಪಾದವಾದ ‘ಜೈಪುರ ಪಾದ’ ಹುಟ್ಟಿದ್ದರಲ್ಲಿಯೇ ನೋಟದ ಪ್ರಶ್ನೆಗೆ ದೊಡ್ಡ ಪಾಲಿದೆ. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆವೈದ್ಯ ಡಾ. ಪಿ.ಕೆ. ಸೇಥಿ ಅವರು, ಪಾಶ್ಚಾತ್ಯ ಮಾದರಿಯ ಕಾಲು ಹಾಕಿಸಿಕೊಂಡು ಹೋದವರು ಕೆಲವು ಕಾಲದ ಮೇಲೆ ಮತ್ತೆ ಊರುಗೋಲಿನಲ್ಲಿಯೇ ಬರುತ್ತಿರುವುದನ್ನು ಕಂಡರು. ಆಗ ಸಿಗುತ್ತಿದ್ದುದು 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಸ್ಯಾಚ್’ ಪಾದ. ಅದರ ಹರಡು ಬಾಗುವುದಿಲ್ಲ, ಅದರ ಆಕಾರಕ್ಕೆ ಬೂಟಿನ ಮರೆ ಬೇಕು. ಬೂಟು ಹಾಕಿಕೊಂಡು ಗುಡಿಗೆ ಹೋಗುವಂತಿಲ್ಲ, ಗದ್ದೆಯ ಕೆಸರಿಗೆ ಇಳಿಯುವಂತಿಲ್ಲ, ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವಂತಿಲ್ಲ. ಬೂಟು ಕಳಚಿದರೆ ಬೆರಳಿಲ್ಲದ ತುಂಡೊಂದು ಹೊರಬೀಳುತ್ತದೆ. ಶಾಲೆಯ ಓದು ಹೆಚ್ಚಿಲ್ಲದ, ಕೈಯಲ್ಲಿ ಶಿಲ್ಪವಿದ್ದ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಅದೇ ಆಸ್ಪತ್ರೆಯಲ್ಲಿದ್ದರು. ಮರ, ಸ್ಪಂಜಿನಂಥ ರಬ್ಬರ್, ಮೇಲೆ ಕಾಯಿಸಿ ಗಟ್ಟಿಮಾಡಿದ ಟೈರ್ ರಬ್ಬರ್ ಇವುಗಳನ್ನು ಅಚ್ಚಿನಲ್ಲಿ ಕೂಡಿಸಿ, ಬೆರಳು ಮೂಡಿದ, ಬರಿಗಾಲಿನಲ್ಲಿಯೇ ಓಡಾಡಬಹುದಾದ ಪಾದವನ್ನು ಸೇಥಿ ಮತ್ತು ಶರ್ಮಾ 1968ರ ಹೊತ್ತಿಗೆ ಸಿದ್ಧಪಡಿಸಿದರು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚುತ್ತ ಊರೂರಿಗೆ ಮುಟ್ಟಿಸಿತು. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡ ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್ 1984ರಲ್ಲಿ ಮತ್ತೆ ರಂಗದ ಮೇಲೆ ಗೆಜ್ಜೆ ಕಟ್ಟಿ ನಿಂತದ್ದು ಈ ಪಾದದ ಮೇಲೆಯೇ. ಪಾದವನ್ನು ಬೂಟಿನಲ್ಲಿ ಅಡಗಿಸಿಟ್ಟು ಭರತನಾಟ್ಯ ಆಡುವುದು ಹೇಗೆ?

ನನ್ನ ಕೊರಗು ಇಷ್ಟೇ: ಬೆರಳು ಮೂಡಿಸಿದ ಆ ಮೊದಲ ಹೆಜ್ಜೆಯ ನಂತರ ನಮ್ಮ ಕಡೆ ನೋಟದ ವಿಚಾರ ಅಲ್ಲಿಗೇ ನಿಂತುಬಿಟ್ಟಿದೆ. ಉಳಿದ ಕಾಲಿನ ತುದಿಯನ್ನು ಒಳಗೆ ಕೂರಿಸುವ ಹಿಡಿಕೆ (ಸಾಕೆಟ್) ಹಗುರವಾಯಿತು, ನೀರಿನ ಪೈಪಿಗೆ ಬಳಸುವಂಥ ಗಟ್ಟಿ ಪ್ಲಾಸ್ಟಿಕ್ ಬಂದಿತು, ಮೊಣಕಾಲಿನ ಕೀಲು ಸುಧಾರಿಸಿತು. ಅವೆಲ್ಲವೂ ಬೇಕಾದವೇ. ಆದರೆ ಇಷ್ಟು ವರ್ಷಗಳ ಮೇಲೂ ಮೀನಖಂಡದ ಉಬ್ಬು ಇನ್ನೊಂದು ಕಾಲಿಗೆ ಹೊಂದುವುದೇ ಎಂದು ಯಾರೂ ಟೇಪು ಹಿಡಿದು ನೋಡುವುದಿಲ್ಲ.

ನೋಟ ಒಗ್ಗದಿದ್ದರೆ ಆಗುವ ನಷ್ಟ ಮನಸ್ಸಿಗೆ ಮಾತ್ರ ಸೀಮಿತವಲ್ಲ. ಇಷ್ಟವಿಲ್ಲದ ಕಾಲನ್ನು ಮನುಷ್ಯ ಮೊದಲು ಮದುವೆ ಮುಂಜಿಗಳಲ್ಲಿ ಬಿಡುತ್ತಾನೆ, ಆಮೇಲೆ ಸಂತೆಗೆ ಹೋಗುವಾಗ ಬಿಡುತ್ತಾನೆ, ಕ್ರಮೇಣ ಅದು ಅಟ್ಟ ಸೇರುತ್ತದೆ. ತೊಡುವುದು ತಪ್ಪಿದರೆ ಉಳಿದ ಕಾಲಿನ ತುದಿ ಬಾತುಕೊಂಡು ಆಕಾರ ಬದಲಾಗುತ್ತದೆ, ಮತ್ತೆ ತೊಡಲು ಹೋದರೆ ಹಿಡಿಕೆ ಕೂರುವುದಿಲ್ಲ, ಭಾರವೆಲ್ಲ ಒಳ್ಳೆಯ ಕಾಲಿನ ಮಂಡಿಯ ಮೇಲೆ ಬೀಳುತ್ತದೆ. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡವರಿಗೆ ಉಳಿದಿರುವ ಇನ್ನೊಂದು ಕಾಲಿನ ಮೇಲೆ ಹೀಗೆ ಒತ್ತಡ ಬೀಳುವುದು ಎಷ್ಟು ಅಪಾಯವೆಂದು ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಫಲಾನುಭವಿಗಳ ಸಂಖ್ಯೆಯನ್ನು ಅಚ್ಚು ಹಾಕುವ ಪತ್ರಿಕೆಗಳು ವರ್ಷದ ನಂತರ ಅದೇ ಊರಿಗೆ ಹೋಗಿ, ಅವರಲ್ಲಿ ಎಷ್ಟು ಜನ ಇನ್ನೂ ಆ ಕಾಲು ತೊಡುತ್ತಿದ್ದಾರೆ ಎಂದೂ ಬರೆಯಲಿ ಎಂಬುದು ನನ್ನ ಆಸೆ.

ಕೈಯ ವಿಷಯ ಇದಕ್ಕಿಂತ ಕಠಿಣ, ಏಕೆಂದರೆ ಅದನ್ನು ಸೀರೆಯಲ್ಲಿ ಮುಚ್ಚಿಕೊಳ್ಳಲೂ ಬರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಲಗೈ ಮೆಕ್ಕೆಜೋಳ ಒಕ್ಕುವ ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನ ಮೇಲಕ್ಕೆ ಹೋಯಿತು. ಅವನಿಗೆ ಸಿಕ್ಕ ಕೈಗೆ ಪಿವಿಸಿಯ ಕೈಗವಸು ಹೊದಿಸಿತ್ತು. ಬೆಳ್ಳಗೆ, ಗುಲಾಬಿ ಉಗುರಿನದು. ಆ ಪ್ಲಾಸ್ಟಿಕ್ಕಿನ ಸ್ವಭಾವವೆಂದರೆ ಬಾಲ್‌ಪೆನ್ನಿನ ಶಾಯಿ, ಸಾರಿನ ಹಳದಿ, ಹೊಸ ಬಟ್ಟೆಯ ಬಣ್ಣ ಯಾವುದು ತಾಗಿದರೂ ಒಳಗೆ ಎಳೆದುಕೊಂಡು ಬಿಡುತ್ತದೆ, ಬಿಸಿಲಿಗೆ ಬಣ್ಣಗೆಡುತ್ತದೆ. ಅವನ ಕೈಗವಸಿನ ಹೆಬ್ಬೆರಳು ಕಪ್ಪಾದದ್ದು ದಿನಪತ್ರಿಕೆಯ ಮಸಿಯಿಂದ. (ನೀವು ಬೇಸರಿಸಬಾರದು, ಅವನು ಓದುವುದು ನಿಮ್ಮ ಪತ್ರಿಕೆಯನ್ನೇ.) ಆರು ತಿಂಗಳಲ್ಲಿ ಅದನ್ನು ಟ್ರಂಕಿಗೆ ಹಾಕಿದ. ಮತ್ತೆ ಹೊರಗೆ ತೆಗೆದದ್ದು ಹೆಣ್ಣು ನೋಡಲು ಹೋದ ಮೂರು ಸಲ ಮಾತ್ರ. ಮೂರನೆಯ ಸಲ ಹುಡುಗಿಯ ತಂದೆ ಉಪ್ಪಿಟ್ಟಿನ ತಟ್ಟೆ ಕೊಡುವಾಗ ಆ ಕೈಯನ್ನು ಮುಟ್ಟಿ ಬೆಚ್ಚಿದರಂತೆ. ಅಂದಿನಿಂದ ಅದು ಬೇಡವೇ ಬೇಡ ಎಂದು ಕುಳಿತಿದ್ದಾನೆ.

ಹುಡುಗಿಯ ತಂದೆಯದು ಅಸಂಸ್ಕೃತಿಯೆಂದು ನಾನು ತಿಳಿಯುವುದಿಲ್ಲ. ಜಪಾನಿನ ರೋಬಾಟ್ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲಿ ಬರೆದ ಒಂದು ಸಣ್ಣ ಪ್ರಬಂಧದಲ್ಲಿ ಇದೇ ಉದಾಹರಣೆ ಇದೆ. ವಸ್ತುವೊಂದು ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಅಕ್ಕರೆ ಏರುತ್ತದೆ. ಆದರೆ ಪೂರ್ತಿ ಹೋಲುವುದಕ್ಕೆ ಸ್ವಲ್ಪ ಮುಂಚೆ, ಹೋಲಿಕೆ ಮುಕ್ಕಾಲು ಪಾಲು ಮುಟ್ಟಿದ ಕಡೆ, ಆ ಅಕ್ಕರೆ ಕಣಿವೆಗೆ ಬಿದ್ದಂತೆ ಕುಸಿದು ಮೈ ಜುಮ್ಮೆನ್ನುವ ಭಾವ ಹುಟ್ಟುತ್ತದೆ ಎನ್ನುತ್ತಾರೆ ಅವರು. ನಿಜವಾದ ಕೈಯೆಂದುಕೊಂಡು ಕುಲುಕಲು ಹೋದಾಗ ತಣ್ಣನೆಯ, ಮೂಳೆಯಿಲ್ಲದಂಥ ಕೃತಕ ಕೈ ಸಿಕ್ಕಿದರೆ ಆಗುವ ಅನುಭವವನ್ನೇ ಅವರು ಇದಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದಾರೆ. ಚಿತ್ರ ಬಿಡಿಸುವವರಿಗೆ ಈ ಕಣಿವೆ ಹೊಸದಲ್ಲ. ಮುಖಚಿತ್ರದಲ್ಲಿ ಕಣ್ಣು ನೂಲಿನಷ್ಟು ತಪ್ಪಿದರೆ ಅದು ವ್ಯಂಗ್ಯಚಿತ್ರಕ್ಕಿಂತ ಹೆಚ್ಚು ಕಾಡುತ್ತದೆ.

ಹಾಗಾಗಿ ಅರೆಬರೆ ಹೋಲಿಕೆಯೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ, ಶಿಬಿರಗಳಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಅದೇ. ಹೋಲಿಸುವುದಾದರೆ ಚೆನ್ನಾಗಿ ಹೋಲಿಸಬೇಕು. ಮೊದಲ ಮಹಾಯುದ್ಧದ ಕಡೆಯ ದಿನಗಳಲ್ಲಿ ಅಮೆರಿಕದ ಶಿಲ್ಪಿ ಆನಾ ಕೋಲ್ಮನ್ ಲ್ಯಾಡ್ ಪ್ಯಾರಿಸ್ಸಿನಲ್ಲಿ ಕಾರ್ಯಾಗಾರ ತೆರೆದು, ಗುಂಡೇಟಿನಿಂದ ಮುಖ ಕಳೆದುಕೊಂಡ ಸೈನಿಕರಿಗೆ ತೆಳು ತಾಮ್ರದ ಮುಖವಾಡ ಮಾಡಿಕೊಡುತ್ತಿದ್ದರು. ಬಣ್ಣ ಹಚ್ಚುತ್ತಿದ್ದುದು ಸೈನಿಕ ಅದನ್ನು ಮುಖದ ಮೇಲೆ ತೊಟ್ಟು ಎದುರಿಗೆ ಕುಳಿತಾಗ. ಮೋಡ ಕವಿದ ದಿನದ ಚರ್ಮಕ್ಕೂ ಬಿಸಿಲಿನ ದಿನದ ಚರ್ಮಕ್ಕೂ ನಡುವಿನ ಛಾಯೆಯೊಂದನ್ನು ಹುಡುಕುತ್ತಿದ್ದರು. ಇಂದಿನ ಸಿಲಿಕೋನ್ ಕೈಗವಸುಗಳಲ್ಲಿಯೂ ಒಳ್ಳೆಯ ಕೆಲಸವೆಂದರೆ ಹೀಗೆಯೇ, ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಪದರ ಪದರವಾಗಿ ಬಣ್ಣ ಕೂಡಿಸಿ ನರ, ಗೆಣ್ಣು, ಉಗುರಿನ ಅಂಚು ಮೂಡಿಸುವುದು. ಅದು ಪಿವಿಸಿಯಂತೆ ಬೇಗ ಕಲೆ ಹಿಡಿಯುವುದಿಲ್ಲ, ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವುದಿಲ್ಲ. ನಮ್ಮಲ್ಲಿ ಬಣ್ಣ ಬಲ್ಲವರಿಗೆ ಬರವಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಕಡೆ ಓದಿದವರು, ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು ಈ ಕಸುಬಿಗೆ ಬಂದರೆ ಎಷ್ಟು ಕೆಲಸವಿದೆ!

ಇನ್ನು, ಹೋಲಿಸುವುದು ಬೇಡವೆಂದಾದರೆ ಮುಚ್ಚುಮರೆಯನ್ನು ಪೂರ್ತಿ ಬಿಟ್ಟುಬಿಡಬಹುದು. ಎಳವೆಯಲ್ಲಿಯೇ ಎರಡೂ ಕಾಲು ಕಳೆದುಕೊಂಡ ಅಮೆರಿಕದ ಓಟಗಾರ್ತಿ ಏಮಿ ಮಲ್ಲಿನ್ಸ್ 1998ರಲ್ಲಿ ಲಂಡನ್ನಿನ ಉಡುಪು ಪ್ರದರ್ಶನವೊಂದರಲ್ಲಿ ದ್ರಾಕ್ಷಿ ಬಳ್ಳಿಯನ್ನೂ ಹೂವನ್ನೂ ಕೆತ್ತಿದ ಮರದ ಕಾಲುಗಳನ್ನು ತೊಟ್ಟು ನಡೆದರು. ನೋಡಿದ ಎಷ್ಟೋ ಜನ ಅವನ್ನು ಅಂದದ ಬೂಟುಗಳೆಂದುಕೊಂಡರು. ಬ್ರಿಟನ್ನಿನ ಬ್ರಿಸ್ಟಲ್‌ನ ಓಪನ್ ಬಯೋನಿಕ್ಸ್ ಸಂಸ್ಥೆಯ ಕೃತಕ ಕೈಗಳಿಗೆ ಮಕ್ಕಳು ತಮಗೆ ಬೇಕಾದ ಬಣ್ಣದ, ಮೆಚ್ಚಿನ ಸಾಹಸ ಪಾತ್ರಗಳ ಹೊದಿಕೆ ಆರಿಸಿಕೊಳ್ಳುತ್ತಾರೆ. ಅಂಥ ಕೈ ಯಾರನ್ನೂ ಮೋಸಗೊಳಿಸಲು ಹೋಗುವುದಿಲ್ಲ, ಆದ್ದರಿಂದ ಮುಟ್ಟಿದವರು ಬೆಚ್ಚುವುದೂ ಇಲ್ಲ. ನನ್ನ ವಿದ್ಯಾರ್ಥಿಗೆ ಅದರ ಚಿತ್ರ ತೋರಿಸಿದಾಗ ಅವನು ಬಹಳ ಹೊತ್ತು ನೋಡಿ, “ಹಿಂಗ ಕರಿ ಬಣ್ಣದ್ದು, ಬೋಲ್ಟ್ ಕಾಣೂವಂಥದ್ದು ಕೊಟ್ಟಿದ್ರ ಅಂಗಡ್ಯಾಗೂ ಹಾಕ್ಕೊಂಡು ಕುಂಡ್ರತಿದ್ನ್ಯಾ” ಎಂದ. ಅವನೀಗ ಮೊಬೈಲ್ ದುರಸ್ತಿ ಅಂಗಡಿಯಲ್ಲಿ ಒಂದೇ ಕೈಯಲ್ಲಿ ಕೆಲಸ ಮಾಡುತ್ತಾನೆ. ನನಗೆ ಬೇಕಾದದ್ದು ಅರಿಶಿನ ಹಚ್ಚಿಸಿಕೊಳ್ಳುವ ಕಪ್ಪು ಪಾದ, ಅವನಿಗೆ ಬೇಕಾದದ್ದು ಬೋಲ್ಟು ಕಾಣುವ ಕೈ. ಇಬ್ಬರನ್ನೂ ಯಾರೂ ಕೇಳಲಿಲ್ಲ.

ಹಣವೆಲ್ಲಿದೆ ಎಂಬ ಪ್ರಶ್ನೆಗೆ ನಾನು ಕಿವುಡಾಗಿಲ್ಲ. ಹಿಡಿಕೆ ಸರಿಯಾಗಿ ಕೂರದೆ ಹುಣ್ಣು ಮಾಡುವ ಕಾಲು ಎಷ್ಟು ಚೆಂದವಿದ್ದರೂ ಕಟ್ಟಿಗೆಗೆ ಸಮ. ಒಂದನ್ನೇ ಕೊಡಲು ಸಾಧ್ಯವೆಂದರೆ ಮೊದಲು ಒಳ್ಳೆಯ ಹಿಡಿಕೆಯನ್ನೇ ಕೊಡಲಿ. ಆದರೆ ನೋಟದ ಸುಧಾರಣೆಗಳಲ್ಲಿ ಎಷ್ಟೋ ಖರ್ಚೇ ಇಲ್ಲದವು. ಪಾದದ ರಬ್ಬರಿಗೆ ಕೂಡಿಸುವ ಬಣ್ಣವನ್ನು ನಾಲ್ಕೈದು ಪ್ರಮಾಣಗಳಲ್ಲಿ ಬದಲಾಯಿಸಿದರೆ ನಾಲ್ಕೈದು ಛಾಯೆ ಸಿಗುತ್ತವೆ, ಅಚ್ಚು ಬದಲಾಗಬೇಕಿಲ್ಲ. ರೆಸಿನ್ ಎಂಬ, ಆರಿದ ಮೇಲೆ ಗಟ್ಟಿಯಾಗುವ ದ್ರವ ಸುರಿದು ಮಾಡುವ ಹಿಡಿಕೆಗಳಲ್ಲಿ ಹೊರಗಿನ ಕೊನೆಯ ಪದರವಾಗಿ ಇಷ್ಟವಾದ ಹೂವಿನ ಬಟ್ಟೆಯನ್ನು ಎಳೆದರೆ ಆ ಚಿತ್ತಾರವೇ ಗಾಜಿನಡಿಯಲ್ಲಿದ್ದಂತೆ ಶಾಶ್ವತವಾಗಿ ಉಳಿಯುತ್ತದೆ. ಇದು ಈ ಕಸುಬಿನವರಿಗೆಲ್ಲ ಗೊತ್ತಿರುವ ವಿದ್ಯೆ. ಒಂದು ಗೇಣು ಗುಳೇದಗುಡ್ಡದ ಖಣವನ್ನು ಕೈಯಲ್ಲಿ ಕೊಟ್ಟರೆ ಸಾಕು, ಇಳಕಲ್ ಸೀರೆಯುಡುವ ನಮ್ಮ ಕಡೆಯ ಯಾವ ಅಜ್ಜಿಯೂ ಆ ಕಾಲನ್ನು ಅಟ್ಟಕ್ಕೆ ಹಾಕಲಾರಳು. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಹೊದಿಸುವಾಗ ಚಿತ್ತಾರ ಅಚ್ಚಾದ ಕಾಗದದಿಂದ ಅದರ ಮೇಲೆ ಬಣ್ಣದ ಚಿತ್ರ ಇಳಿಸುವುದೂ ಹೀಗೆಯೇ. ಬೆಳೆಯುವ ಮಕ್ಕಳಿಗೆ ಹೇಗೂ ಮತ್ತೆ ಮತ್ತೆ ಹೊಸ ಕಾಲು ಬೇಕು, ಪ್ರತಿ ಬಾರಿಯೂ ಹೊಸ ಚಿತ್ರ ಆರಿಸಿಕೊಳ್ಳಲಿ.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲಿಯೇ ಒಪ್ಪಿಗೆಯಿತ್ತಿದೆ. ಅದರ 20ನೆಯ ವಿಧಿ ಅಂಗವಿಕಲರ ಓಡಾಟ ಅವರು ಆರಿಸಿಕೊಂಡ ರೀತಿಯಲ್ಲಿ, ಆರಿಸಿಕೊಂಡ ಸಮಯದಲ್ಲಿ, ಕೈಗೆಟುಕುವ ವೆಚ್ಚದಲ್ಲಿ ನಡೆಯುವಂತೆ ನೆರವಾಗಬೇಕೆನ್ನುತ್ತದೆ. 2016ರ ನಮ್ಮ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿಯೂ ಘನತೆಯ ಬದುಕಿನ ಮಾತಿದೆ. ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಮತ್ತು ಶಿಬಿರ ನಡೆಸುವ ದಾನಿಗಳು ಅಳತೆಯ ಹಾಳೆಯಲ್ಲಿ ಇನ್ನೆರಡು ಗೆರೆ ಸೇರಿಸಿ, ಕೈಕಾಲು ಹೇಗೆ ಕಾಣಬೇಕೆಂದು ತೊಡುವವರನ್ನೇ ಕೇಳಿ ಬರೆದುಕೊಳ್ಳಲಿ. ಕೈಗವಸನ್ನೂ ಕಾಲಿನ ಹೊದಿಕೆಯನ್ನೂ ‘ಅಲಂಕಾರ’ದ ಬಾಬ್ತಿಗೆ ತಳ್ಳದೆ ಅಂಗದ ಭಾಗವೆಂದೇ ಎಣಿಸಿ, ಸವೆದಾಗ ಬದಲಿಸಿಕೊಡಲಿ. ತಂತ್ರಜ್ಞರ ತರಬೇತಿಯಲ್ಲಿ ಬಣ್ಣ ಕೂಡಿಸುವ ಪಾಠಕ್ಕೆ ಒಂದು ವಾರವಾದರೂ ಇರಲಿ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ವೃತ್ತಿಶಿಕ್ಷಣವನ್ನು ಇಲ್ಲಿಯೇ ಕೊಡುತ್ತಿರುವಾಗ ಅದು ದೂರದ ಮಾತಲ್ಲ.

ಈಜಿಪ್ಟಿನ ಲಕ್ಸರ್ ಬಳಿಯ ಗೋರಿಯೊಂದರಲ್ಲಿ ಅರ್ಚಕನೊಬ್ಬನ ಮಗಳ ಪಾದಕ್ಕೆ ಕಟ್ಟಿದ್ದ ಮರದ ಹೆಬ್ಬೆರಳು ಸಿಕ್ಕಿದೆ. ಸುಮಾರು 3,000 ವರ್ಷ ಹಳೆಯದು. ಅದನ್ನು ಹಲವು ಬಾರಿ ಆಕೆಯ ಪಾದಕ್ಕೆ ಹೊಂದಿಸಿ ತಿದ್ದಲಾಗಿತ್ತು ಎಂದು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತಿಳಿಸಿದರು. ನಡೆಯುವುದಕ್ಕೆ ಮರದ ತುಂಡು ಸಾಕಾಗಿತ್ತು. ಆದರೂ ಆ ಬಡಗಿ ಅದರಲ್ಲಿ ಉಗುರನ್ನೂ ಕೆತ್ತಿದ್ದಾನೆ.

ನನ್ನ ಈಗಿನ ಪಾದದ ಹಿಮ್ಮಡಿ ಸವೆದು ಮರ ಇಣುಕುತ್ತಿದೆ. ಬರುವ ತಿಂಗಳು ಮೂರನೆಯ ಕಾಲಿಗೆ ಅಳತೆ ಕೊಡಬೇಕು. ಈ ಬಾರಿ ಡ್ರಾಯಿಂಗ್ ಹಾಳೆಯ ಅಂಗೈಯಗಲದ ತುಂಡೊಂದರ ಮೇಲೆ ಕಾವಿ, ಹಳದಿ ಮಣ್ಣು, ಚೂರು ನೀಲಿ ಕೂಡಿಸಿ ನನ್ನ ಬಲಗಾಲಿನ ಬಣ್ಣವನ್ನು ಹಗಲು ಬೆಳಕಿನಲ್ಲಿ ಕೂತು ತೆಗೆದಿದ್ದೇನೆ, ನಾಲ್ಕನೆಯ ಪ್ರಯತ್ನಕ್ಕೆ ಹೊಂದಿತು. ಅದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇನೆ, ಜೊತೆಗೆ ಆ ಅರ್ಧ ಉಂಗುರವನ್ನೂ.

ಇಂತಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ,
ಹಾವೇರಿ ಜಿಲ್ಲೆ